ಎರಡು ತಾರೀಖುಗಳಲ್ಲಿ ತೀರಿಕೊಂಡವರು

ಬಿಸ್ಕತ್ತು ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗಕ್ಕೆ ನಾನು ಸೇರಿದ ಮೊದಲ ದಿನವೇ ಮೇಲ್ವಿಚಾರಕರು ಒಬ್ಬ ಹೆಂಗಸನ್ನು ತೋರಿಸಿ, "ಇವರ ಕಣ್ಣು ತಪ್ಪಿಸಿ ಈ ಬಾಗಿಲಿಂದ ಒಂದು ಪೊಟ್ಟಣವೂ ಆಚೆ ಹೋಗಲ್ಲ, ತಿಳ್ಕೋ" ಎಂದರು. ದಪ್ಪ ಗಾಜಿನ ಕನ್ನಡಕ, ಕೂದಲು ಒಂದೆಳೆಯೂ ಕಾಣದಂತೆ ಎಳೆದುಕೊಂಡ ಬಿಳಿ ಟೋಪಿ, ಎತ್ತರದ ಸ್ಟೂಲಿನ ಮೇಲೆ ನೆಟ್ಟಗೆ ಕೂತ ಬೆನ್ನು. ಮುಂದೆ ಬೆಲ್ಟಿನ ಮೇಲೆ ಪೊಟ್ಟಣಗಳು ಒಂದರ ಹಿಂದೊಂದು ಬರುತ್ತಿದ್ದವು. ಪ್ರತಿ ಪೊಟ್ಟಣದ ಬೆನ್ನಿಗೆ ಯಂತ್ರ ಒತ್ತಿದ ಅಕ್ಷರ ಸರಿಯಾಗಿದೆಯೇ ಎಂದು ನೋಡುವುದು ಅವರ ಕೆಲಸ. ತಯಾರಾದ ದಿನ, ಬಳಸಬಹುದಾದ ಕೊನೆಯ ದಿನ, ಬ್ಯಾಚ್ ಸಂಖ್ಯೆ. ಇಪ್ಪತ್ತೆರಡು ವರ್ಷದಿಂದ ಅದೇ ಸ್ಟೂಲು, ಅದೇ ಕೆಲಸ. ಒಮ್ಮೆ ಯಂತ್ರ ಕೆಟ್ಟು ಜೂನ್ ಮೂವತ್ತೊಂದು ಎಂದು ಒತ್ತಿದಾಗ ನಾಲ್ಕನೇ ಪೊಟ್ಟಣಕ್ಕೇ ಬೆಲ್ಟು ನಿಲ್ಲಿಸಿದ್ದರಂತೆ. ಅಂದಿನಿಂದ ಹಾಜರಿ ಬರೆಯುವ ಗುಮಾಸ್ತರಿಂದ ಹಿಡಿದು ಲಾರಿ ಚಾಲಕರವರೆಗೆ ಎಲ್ಲರ ಬಾಯಲ್ಲೂ ಅವರು ತಾರೀಖಕ್ಕ.

ನನ್ನ ಜಾಗ ಅವರ ಪಕ್ಕದಲ್ಲಿ. ಪೊಟ್ಟಣಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿ ಅಂಟುಪಟ್ಟಿ ಹಾಕುವುದು. ಯಂತ್ರದ ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಹಾಗಾಗಿ ನಮ್ಮ ಮಾತೆಲ್ಲ ಹತ್ತು ಗಂಟೆಯ ಚಹಾದ ಬಿಡುವಿನಲ್ಲಿ, ಹಿತ್ತಿಲಿನ ಸಿಮೆಂಟು ಕಟ್ಟೆಯ ಮೇಲೆ. ಮನೆಯಲ್ಲಿ ಅವರಿಗೆ ಇನ್ನೊಂದು ಕೆಲಸವಿದೆ ಅನ್ನುವುದು ನನಗೆ ಗೊತ್ತಾದದ್ದು ಅಲ್ಲೇ.

ಆ ಕೆಲಸ ಶುರುವಾದದ್ದು ಅವರ ಮಗಳಿಂದ. ನರ್ಸಿಂಗ್ ಓದುತ್ತಿದ್ದ ಮಗಳು ಒಂದು ದಿನ ಪಾಠಕ್ಕಾಗಿ ಹಳೆಯ ಆಸ್ಪತ್ರೆಯೊಂದರ ಬಗ್ಗೆ ಬರೆಯುತ್ತಿದ್ದಳು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಆ ಅಂತರ್ಜಾಲದ ವಿಶ್ವಕೋಶದಲ್ಲಿ ಆಸ್ಪತ್ರೆಯ ಪುಟ ತೆರೆದರೆ, ಅದು ಆರಂಭವಾದದ್ದು ಆಗಸ್ಟ್ ಹದಿನೇಳಕ್ಕೆ ಎಂದಿತ್ತು. ವರ್ಷದ ಒಂದೊಂದು ದಿನಕ್ಕೂ ಅಲ್ಲಿ ಒಂದೊಂದು ಪುಟವಿದೆ. ಆ ದಿನ ಏನೇನು ನಡೆಯಿತು, ಯಾರು ಹುಟ್ಟಿದರು, ಯಾರು ತೀರಿಕೊಂಡರು ಎಂಬ ಪಟ್ಟಿ. ಆಗಸ್ಟ್ ಹದಿನೇಳರ ಪುಟದಲ್ಲಿ ಆಸ್ಪತ್ರೆಯ ಸುಳಿವೇ ಇರಲಿಲ್ಲ. ಅದು ಹದಿನೆಂಟರ ಪುಟದಲ್ಲಿ ಕೂತಿತ್ತು.

ಹಿಂದೆ ನಿಂತು ಬಟ್ಟೆ ಮಡಚುತ್ತಿದ್ದ ತಾರೀಖಕ್ಕನ ಕೈ ನಿಂತುಹೋಯಿತು.

"ಇದೇನೇ ಇದು, ಇಲ್ಲೊಂದು ಅಲ್ಲೊಂದು? ಇದನ್ನ ನೋಡ್ಕೊಳ್ಳೋರು ಯಾರೂ ಇಲ್ವಾ?"

"ಎಲ್ಲರೂ ನೋಡ್ಕೊಳ್ತಾರಮ್ಮ. ನೀನೂ ತಿದ್ದಬಹುದು."

"ನಾನಾ? ಯಾರನ್ನ ಕೇಳ್ಬೇಕು?"

"ಯಾರನ್ನೂ ಕೇಳ್ಬೇಕಾಗಿಲ್ಲ. ಯಾವ ಪುಸ್ತಕದಲ್ಲಿ ಇದೆ, ಯಾವ ಪತ್ರಿಕೆಯಲ್ಲಿ ಇದೆ ಅಂತ ಕೆಳಗೆ ತೋರಿಸಿದ್ರೆ ಸಾಕು."

ಯಾರನ್ನೂ ಕೇಳಬೇಕಾಗಿಲ್ಲ ಎಂಬ ಮಾತೇ ತನಗೆ ಭಯ ಹುಟ್ಟಿಸಿತು ಎಂದು ತಾರೀಖಕ್ಕ ನನಗೆ ಹೇಳಿದ್ದರು. ಮೂರು ದಿನ ಸುಮ್ಮನಿದ್ದರು. ನಾಲ್ಕನೇ ದಿನ ಆಸ್ಪತ್ರೆಯನ್ನು ಹದಿನೆಂಟರಿಂದ ಎತ್ತಿ ಹದಿನೇಳಕ್ಕೆ ತಂದು ಕೂರಿಸಿದರು. ಒಂದು ಬೆರಳಲ್ಲಿ ಟೈಪು ಮಾಡಿ ಮುಗಿಸಲು ನಲವತ್ತು ನಿಮಿಷ ಬೇಕಾಯಿತಂತೆ.

ಆಮೇಲೆ ಅದೇ ನಿತ್ಯದ ಕೆಲಸವಾಯಿತು. ಬೆಳಗಿನ ಪಾಳಿ ಎರಡು ಗಂಟೆಗೆ ಮುಗಿಯುತ್ತಿತ್ತು. ಮನೆಗೆ ಬಂದು ಕೈಕಾಲು ತೊಳೆದು, ಉಂಡು, ಮೂರಕ್ಕೆ ಅಡುಗೆಮನೆಯ ಮೇಜಿಗೆ ಕೂತರೆ ಐದರವರೆಗೆ ಏಳುತ್ತಿರಲಿಲ್ಲ. ಎರಡನೇ ಮಹಡಿಯ ಪುಟ್ಟ ಮನೆ. ಕಿಟಕಿಯಾಚೆ ಎದುರು ಕಟ್ಟಡದ ನೀರಿನ ಪೈಪುಗಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಆರಕ್ಕೆ ಬರುವವರು. ಮಂಡಿನೋವಿನ ಅತ್ತೆ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಬಟಾಣಿ ಬಿಡಿಸುತ್ತಲೋ ತೂಕಡಿಸುತ್ತಲೋ ಇರುತ್ತಿದ್ದರು.

ಮುನ್ನೂರ ಅರವತ್ತಾರು ಪುಟ. ಒಂದರಲ್ಲಿ "ಜೂನ್ ೧೨" ಎಂದಿದ್ದರೆ ಇನ್ನೊಂದರಲ್ಲಿ "೧೨ನೇ ಜೂನ್", ಮತ್ತೊಂದರಲ್ಲಿ ಬರೀ "೧೨-೬". ಎಲ್ಲವನ್ನೂ ಒಂದೇ ಬಗೆಗೆ ತರಬೇಕು. ಒಬ್ಬ ವ್ಯಕ್ತಿಯ ಪುಟದಲ್ಲಿ ಹುಟ್ಟಿದ ದಿನ ಬದಲಾದರೆ ಆ ದಿನದ ಪುಟದಲ್ಲೂ ಆ ವರ್ಷದ ಪುಟದಲ್ಲೂ ಬದಲಾಗಬೇಕು. ಮೂರು ಕಡೆ ಒಂದೇ ಮಾತು ಇರಬೇಕು, ಅಷ್ಟೇ. ಕೇಳಲು ಸುಲಭ. ಮಾಡಲು ಹೋದರೆ ಒಂದು ಎಳೆ ಎಳೆದರೆ ಇಡೀ ಸ್ವೆಟರೇ ಬಿಚ್ಚಿಕೊಳ್ಳುತ್ತಿತ್ತು. ಆದರೂ ಆರು ವರ್ಷದಲ್ಲಿ ಅವರು ಹನ್ನೆರಡು ತಿಂಗಳನ್ನೂ ಎರಡು ಸುತ್ತು ಮುಗಿಸಿದ್ದರು. ಗಂಡ ಮಾತ್ರ ಕೀಟಲೆ ಬಿಡುತ್ತಿರಲಿಲ್ಲ: "ಫ್ಯಾಕ್ಟರೀಲಿ ಬಿಸ್ಕತ್ತಿಗೆ ತಾರೀಖು, ಮನೇಲಿ ಮನುಷ್ಯರಿಗೆ ತಾರೀಖು. ನನ್ನ ಬೆನ್ನಿಗೂ ಒಂದು ಒತ್ತಿಬಿಡೇ, ಎಷ್ಟು ದಿನ ಬಾಳಿಕೆ ಬರ್ತೀನಿ ಅಂತ ಗೊತ್ತಾಗ್ಲಿ."

ಹೀಗೆ ನಡೆಯುತ್ತಿರುವಾಗ ಬಂದದ್ದು ರೇಡಿಯೋದವರ ಸಂಗತಿ.

ರೇಡಿಯೋದವರು ಎಂದೇ ಎಲ್ಲರೂ ಕರೆಯುತ್ತಿದ್ದ ಆ ಹಿರಿಯರು ನಮ್ಮ ಊರಿನ ರೇಡಿಯೋ ನಿಲಯದಲ್ಲಿ ಮೂವತ್ತೊಂದು ವರ್ಷ ಬೆಳಗಿನ ಸುದ್ದಿ ಓದಿದವರು. ನಾನೂ ಆ ದನಿ ಕೇಳಿಯೇ ಬೆಳೆದವಳು. ಮೊದಲು ವಾರ, ತಾರೀಖು, ಆಮೇಲೆ ಸಮಯ, ಆಮೇಲೆ ಸುದ್ದಿ. ಆ ದನಿಗೆ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು, ಮಕ್ಕಳು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ನಿವೃತ್ತರಾದ ಮೇಲೂ ವಾರಕ್ಕೊಮ್ಮೆ ಅದೇ ನಿಲಯದಿಂದ ಹಳೆಯ ಸುದ್ದಿಗಳ ಒಂದು ಕಾರ್ಯಕ್ರಮ ನಡೆಸಿಕೊಡುತ್ತಿದ್ದರು. ವಿಶ್ವಕೋಶದಲ್ಲಿ ಅವರಿಗೊಂದು ಪುಟವಿತ್ತು, ಸಣ್ಣದು.

ಹೋದ ವರ್ಷ ಯಾರೋ ಹೆಸರಿಲ್ಲದವರು ಆ ಪುಟಕ್ಕೆ ಒಂದು ಸಾಲು ಸೇರಿಸಿದರು. "ನಿಧನ: ೩/೪", ಪಕ್ಕದಲ್ಲಿ ಇಸವಿ. ಆಧಾರವಾಗಿ ರೇಡಿಯೋ ಶ್ರೋತೃ ಸಂಘದ ಪತ್ರಿಕೆಯ ಹೆಸರು. ತಾರೀಖಕ್ಕ ಅದನ್ನು ನೋಡಿ ನಿಟ್ಟುಸಿರು ಬಿಟ್ಟರು. ಮೊದಲು ದಿನ, ಆಮೇಲೆ ತಿಂಗಳು ಬರೆಯುವುದು ರೂಢಿ. ಹಾಗಾದರೆ ಏಪ್ರಿಲ್ ಮೂರು. ಏಪ್ರಿಲ್ ಮೂರರ ಪುಟಕ್ಕೆ ಹೋಗಿ ತೀರಿಕೊಂಡವರ ಪಟ್ಟಿಯಲ್ಲಿ ಅವರ ಹೆಸರು ಬರೆದರು. ವರ್ಷದ ಪುಟದಲ್ಲೂ ಬರೆದರು. ಕೊನೆಗೆ ವ್ಯಕ್ತಿಯ ಪುಟಕ್ಕೆ ಬಂದು, "ಹೆಸರಾಂತ ವಾರ್ತಾವಾಚಕರಾಗಿದ್ದಾರೆ" ಎಂದಿದ್ದುದನ್ನು "ಆಗಿದ್ದರು" ಎಂದು ತಿದ್ದಿದರು.

ಮೇಜಿನ ಆ ತುದಿಯಲ್ಲಿದ್ದ ಅತ್ತೆಗೆ, "ಬೆಳಗಿನ ಸುದ್ದಿಯವರು ಹೋಗ್ಬಿಟ್ರಂತೆ ಅತ್ತೆ" ಎಂದರು. ಅತ್ತೆ ಬಟಾಣಿಯ ತಟ್ಟೆ ಪಕ್ಕಕ್ಕೆ ಸರಿಸಿದರು. "ನಿನ್ನ ಮಾವ ಬದುಕಿದ್ದಾಗ ಅವರ ದನಿ ಬರೋವರೆಗೂ ಹಾಸಿಗೆ ಬಿಡ್ತಿರಲಿಲ್ಲ" ಎಂದಷ್ಟೇ ಹೇಳಿದರು.

ಅಲ್ಲಿಗೆ ಮೂರು ಕಡೆಯೂ ಒಂದೇ ಮಾತಾಯಿತು. ತಾರೀಖಕ್ಕ ಮುಂದಿನ ಪುಟಕ್ಕೆ ಹೋದರು.

ಒಂದು ವರ್ಷ ಕಳೆದ ಮೇಲೆ, ವಿಶ್ವಕೋಶದಲ್ಲಿ 'ಗೋಡೆ ಗಡಿಯಾರ' ಎಂಬ ಹೆಸರಿನಲ್ಲಿ ಬರೆಯುವವರೊಬ್ಬರು ಆ ಹೆಸರನ್ನು ಏಪ್ರಿಲ್ ಮೂರರಿಂದ ತೆಗೆದು ಮಾರ್ಚ್ ನಾಲ್ಕಕ್ಕೆ ಹಾಕಿದರು. ಆ ಪತ್ರಿಕೆಯವರು ತಿಂಗಳನ್ನು ಮೊದಲು ಬರೆಯುತ್ತಾರೆ ಎಂಬುದು ಅವರ ವಾದ. ತಾರೀಖಕ್ಕ ಮತ್ತೆ ಏಪ್ರಿಲ್‌ಗೆ ತಂದರು. ಗೋಡೆ ಗಡಿಯಾರ ಮತ್ತೆ ಮಾರ್ಚ್‌ಗೆ ಒಯ್ದರು. ಚರ್ಚೆಯ ಪುಟದಲ್ಲಿ ಜಗಳ ಶುರುವಾಯಿತು. ಮರ್ಯಾದೆಯ ಜಗಳವೇ, ಆದರೆ ಜಗಳ.

"ಹಟ ಬಿಡಿ, ಅಕ್ಕ" ಎಂದು ಗೋಡೆ ಗಡಿಯಾರ ಬರೆದರು.

"ಪತ್ರಿಕೆ ಕಣ್ಣಾರೆ ನೋಡಿದ್ದೀರಾ?" ಎಂದು ತಾರೀಖಕ್ಕ ಕೇಳಿದರು.

"ಇಲ್ಲ. ನೀವು?"

ಆ ಒಂದು ಪದದ ಪ್ರಶ್ನೆ ಅವರನ್ನು ಚುಚ್ಚಿತು. ಅವರೂ ನೋಡಿರಲಿಲ್ಲ. ಮರುದಿನ ಚಹಾ ಕುಡಿಯುವಾಗ ನನ್ನ ಹತ್ತಿರ, "ಪೊಟ್ಟಣ ನೋಡದೆ ಡಬ್ಬಕ್ಕೆ ಹಾಕ್ದಂಗಾಯ್ತು ಕಣೇ ನಾನು ಮಾಡಿದ್ದು" ಎಂದರು. ಶನಿವಾರ ಪಾಳಿ ಮುಗಿದ ಮೇಲೆ ಗ್ರಂಥಾಲಯಕ್ಕೆ ಹೋಗುವುದೆಂದು ನಿಶ್ಚಯಿಸಿ ನನ್ನನ್ನೂ ಕರೆದರು. ನನಗೂ ಮನೆಯಲ್ಲಿ ಅಂಥ ಕಡಿದು ಕಟ್ಟೆ ಹಾಕುವ ಕೆಲಸವೇನಿರಲಿಲ್ಲ. ಹೊರಟೆ.

ನಗರ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ಪತ್ರಿಕೆಗಳಿದ್ದವು. ಉದ್ದನೆಯ ಮರದ ಮೇಜು, ಒಂದು ಕಾಲು ಗಿಡ್ಡವಾದ್ದರಿಂದ ಅದರಡಿ ಮಡಚಿಟ್ಟ ರಟ್ಟು. ಗ್ರಂಥಪಾಲಕಿ ಒಂದು ತೆಳ್ಳನೆಯ ಕಟ್ಟು ತಂದಿಟ್ಟು, "ಇದನ್ನ ಕೇಳಿಕೊಂಡು ಬಂದೋರಲ್ಲಿ ನೀವೇ ಮೊದಲು" ಎಂದು ದಾರ ಬಿಚ್ಚಿಕೊಟ್ಟರು. ಎಂಟು ಪುಟದ ಪತ್ರಿಕೆಗಳು. ತಾರೀಖಕ್ಕ ಕನ್ನಡಕ ಒರೆಸಿಕೊಂಡು ಒಂದೊಂದಾಗಿ ತಿರುವಿದರು. ನಮಗೆ ಬೇಕಾದದ್ದು ಸಿಕ್ಕಿತು. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ: "ಬೆಳಗಿನ ದನಿ ಇನ್ನಿಲ್ಲ."

ಮೇಲ್ತುದಿಯ ಮೂಲೆಯಲ್ಲಿ ಸಣ್ಣದಾಗಿ ಅಚ್ಚಾಗಿತ್ತು: ಸಂಪುಟ ೯, ಸಂಚಿಕೆ ೩/೪.

ತಾರೀಖಕ್ಕ ಅದರ ಮೇಲೆ ಬೆರಳಿಟ್ಟರು. ಬೆರಳು ಅಲ್ಲೇ ನಿಂತಿತು.

"ಇದು ತಾರೀಖೇ ಅಲ್ಲ ಕಣೇ" ಎಂದರು. "ಮೂರನೇ ಸಂಚಿಕೆ, ನಾಲ್ಕನೇ ಸಂಚಿಕೆ, ಎರಡನ್ನೂ ಸೇರಿಸಿ ಹಾಕಿದಾರೆ. ಬ್ಯಾಚ್ ನಂಬರನ್ನ ತಾರೀಖು ಅಂತ ಓದಿದೀವಿ."

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಅವರು ಆಗಲೇ ಲೇಖನ ಓದಲು ಶುರುಮಾಡಿದ್ದರು, ತುಟಿ ಅಲ್ಲಾಡಿಸುತ್ತಾ, ಅಕ್ಷರ ಅಕ್ಷರವಾಗಿ. ಕೊನೆಯ ಸಾಲಿಗೆ ಬಂದು ಮತ್ತೆ ಮೊದಲಿಂದ ಓದಿದರು. ಆಮೇಲೆ ಪತ್ರಿಕೆಯನ್ನು ನನ್ನ ಕಡೆ ತಳ್ಳಿದರು. "ನೀನೂ ಓದು. ಆ ಮನುಷ್ಯರು ತೀರಿಕೊಂಡ್ರು ಅಂತ ಎಲ್ಲಿದೆ ತೋರ್ಸು."

ಎಲ್ಲೂ ಇರಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ಕಾರ್ಯಕ್ರಮವನ್ನು ನಿಲಯದವರು ನಿಲ್ಲಿಸಿದರು, ಇನ್ನು ಮೇಲೆ ಆ ದನಿ ಕೇಳಿಬರುವುದಿಲ್ಲ, ಕೇಳುಗರಿಗೆ ತುಂಬಲಾರದ ನಷ್ಟ, ಇಷ್ಟೇ ಇದ್ದದ್ದು. ಸತ್ತದ್ದು ಕಾರ್ಯಕ್ರಮ.

"ಹಾಗಾದ್ರೆ ಅವರು?" ಎಂದೆ ನಾನು.

"ನಂಗೇನು ಗೊತ್ತು?" ಎಂದರು ತಾರೀಖಕ್ಕ. "ವಯಸ್ಸು ಎಂಬತ್ತು ದಾಟಿದೆ. ಆಮೇಲೆ ಹೋಗಿದ್ರೂ ಹೋಗಿರಬಹುದು. ಇದ್ರೂ ಇರಬಹುದು. ಇದ್ರೆ, ನಾನು ಜೀವಂತ ಮನುಷ್ಯರನ್ನ ಮೂರು ಕಡೆ ಸಾಯಿಸಿಟ್ಟಿದೀನಿ."

ಪತ್ರಿಕೆಯ ಕೊನೆಯ ಪುಟದಲ್ಲಿ ಸಂಘದ ಕಾರ್ಯದರ್ಶಿಯ ವಿಳಾಸವಿತ್ತು. ಒಂದು ದರ್ಜಿ ಅಂಗಡಿ, ಗ್ರಂಥಾಲಯದಿಂದ ನಾಲ್ಕು ಬಸ್ ನಿಲ್ದಾಣ ಆಚೆ. "ಒಬ್ಬಳೇ ಹೋಗೋಕೆ ಧೈರ್ಯ ಸಾಲ್ತಿಲ್ಲ ಕಣೇ, ನೀನೂ ಬಾ" ಎಂದರು. ಬಸ್ಸಿನಲ್ಲಿ ಅವರು ಚೀಲದ ಹಿಡಿಯನ್ನು ಹಿಂಡುತ್ತಾ ಕೂತಿದ್ದರು.

ಅಂಗಡಿ ಎರಡು ಕಟ್ಟಡಗಳ ನಡುವೆ ಸಿಕ್ಕಿಕೊಂಡಷ್ಟು ಕಿರಿದು. ಗೋಡೆಗೆ ತೂಗುಹಾಕಿದ ಕೋಟುಗಳು, ಕಾಲಡಿಯಲ್ಲಿ ಬಟ್ಟೆಯ ಚೂರು. ಕತ್ತಿನಲ್ಲಿ ಅಳತೆಯ ಟೇಪು ಹಾಕಿಕೊಂಡ, ಎಪ್ಪತ್ತರ ಆಚೀಚಿನ ದರ್ಜಿ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ನಮ್ಮನ್ನು ನೋಡಿದರು. ಗೋಡೆಯ ಮೇಲೊಂದು ಚೌಕಟ್ಟಿನ ಫೋಟೋ. ಮೈಕಿನ ಮುಂದೆ ಕೂತ ರೇಡಿಯೋದವರು.

ತಾರೀಖಕ್ಕ ಫೋಟೋ ತೋರಿಸಿ, "ಇವರ ವಿಚಾರ ಕೇಳೋಕೆ ಬಂದ್ವಿ" ಎಂದರು.

"ಏನು ಹೇಳ್ಲಿ ತಾಯಿ" ಎಂದು ದರ್ಜಿ ನಿಟ್ಟುಸಿರಿಟ್ಟರು. "ಹೋಗಿ ಒಂದು ವರ್ಷವಾಯ್ತು. ನಾವೇ ಸಂತಾಪ ಸಭೆ ಮಾಡಿದ್ವಿ. ಹನ್ನೊಂದು ಜನ ಬಂದಿದ್ರು. ನಾನು ಇಪ್ಪತ್ತು ನಿಮಿಷ ಮಾತಾಡಿದೆ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ತಾರೀಖಕ್ಕನ ಮುಖದಲ್ಲಿ ಸಂಕಟವೂ ಸಮಾಧಾನವೂ ಒಟ್ಟಿಗೆ ಬಂದು ಹೋದವು. "ಹಾಗಾದ್ರೆ ನಿಜ" ಎಂದರು ಮೆಲ್ಲಗೆ. ಆದರೆ ಅಷ್ಟಕ್ಕೇ ಬಿಡುವ ಹೆಂಗಸಲ್ಲ. "ನಿಮಗೆ ಸುದ್ದಿ ಹೇಳಿದ್ಯಾರು?"

"ಸೊಸೆ ಫೋನಲ್ಲಿ ತೋರಿಸಿದಳು. ಆ ವಿಶ್ವಕೋಶ ಇದೆಯಲ್ಲ, ಅದರಲ್ಲಿ ಇದೆ. ತಾರೀಖು ಸಮೇತ ಹಾಕಿದಾರೆ. ಒಂದು ಕಡೆ ಅಲ್ಲ, ಮೂರು ಕಡೆ!"

ತಾರೀಖಕ್ಕ ಅಲ್ಲೇ ಇದ್ದ ಸ್ಟೂಲು ಎಳೆದುಕೊಂಡು ಕೂತರು. "ಆ ಮೂರು ಕಡೆ ಹಾಕಿದೋಳು ನಾನೇ" ಎಂದರು. "ನಿಮ್ಮ ಪತ್ರಿಕೆ ಹೆಸರು ನೋಡಿ ಹಾಕಿದೆ. 'ಬೆಳಗಿನ ದನಿ ಇನ್ನಿಲ್ಲ' ಅಂತ ಬರೆದೋರು ಯಾರು?"

ದರ್ಜಿ ಕತ್ತಿನ ಟೇಪು ಎಳೆದು ಕೈಗೆ ತೆಗೆದುಕೊಂಡರು. "ಆ ತಲೆಬರಹ ನಂದೇ. ಕಾರ್ಯಕ್ರಮ ನಿಂತದ್ದಕ್ಕೆ ಹಾಕಿದ್ದು." ಅದನ್ನು ಬೆರಳಿಗೆ ಸುತ್ತುತ್ತಾ, "ಅಂದ್ರೆ… ನನ್ನ ಮಾತು ನೋಡಿ ನೀವು ಬರೆದಿರಿ, ನಿಮ್ಮದು ನೋಡಿ ನಾನು ಸಭೆ ಮಾಡಿದೆ?"

"ಅವರ ಮನೆಗೆ ನೀವು ಹೋಗ್ಲಿಲ್ವಾ?" ಎಂದು ಕೇಳಿದೆ ನಾನು.

ದರ್ಜಿ ತಲೆ ತಗ್ಗಿಸಿದರು. ಕಾರ್ಯಕ್ರಮ ನಿಂತಾಗ ನಿಲಯದ ಮುಂದೆ ಎಲ್ಲರೂ ಸೇರಿ ಕೂಗೋಣ ಎಂದು ಇವರು ಹೊರಟಿದ್ದರಂತೆ. ರೇಡಿಯೋದವರು, "ನನ್ನ ಹೆಸರಲ್ಲಿ ರಂಪ ಮಾಡಬೇಡಿ" ಎಂದು ಗದರಿದ್ದರಂತೆ. ಅಲ್ಲಿಗೆ ಮಾತು ಬಿಟ್ಟದ್ದು. "ಮನೇಲಿ ಒಬ್ಬರೇ. ಹೆಂಡತಿ ಮೊದಲೇ ಹೋಗಿದ್ರು, ಮಕ್ಕಳಿಲ್ಲ. ಸಂತಾಪದ ಕಾಗದ ಬರೆಯೋಣ ಅಂದ್ರೆ ಯಾರಿಗೆ ಬರೀಲಿ ಹೇಳಿ?"

ಆಮೇಲೆ ಏನೋ ಹೊಳೆದವರಂತೆ ಎದ್ದು, ಕಪಾಟಿನಿಂದ ಅಳತೆ ಪುಸ್ತಕ ತೆಗೆದರು. ರೇಡಿಯೋದವರ ಕೋಟುಗಳನ್ನೆಲ್ಲ ಹೊಲಿದದ್ದು ಇವರೇ. ಒಂದು ಪುಟದಲ್ಲಿ ಎದೆ ಮೂವತ್ತೆಂಟು, ತೋಳು ಇಪ್ಪತ್ತಮೂರೂವರೆ, ಕೆಳಗೆ ಒಂದು ಫೋನ್ ನಂಬರು. ದರ್ಜಿ ತಮ್ಮ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. "ನನ್ನ ಕೈಲಾಗಲ್ಲ ತಾಯಿ. ನೀವೇ ಮಾಡಿ."

ತಾರೀಖಕ್ಕ ಅಂಕಿಗಳನ್ನು ಒಂದೊಂದಾಗಿ ಒತ್ತಿ, ನಮಗೂ ಕೇಳುವಂತೆ ಫೋನನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟರು. ಗಂಟೆ ಹೊಡೆಯತೊಡಗಿತು. ಐದು ಸಲ. ಆರು. ಏಳನೆಯದಕ್ಕೆ ದರ್ಜಿ ಕಣ್ಣು ಮುಚ್ಚಿಕೊಂಡರು. ಎಂಟನೆಯದರ ನಡುವೆ ಯಾರೋ ಎತ್ತಿದರು.

"ಹಲೋ."

ಒಂದೇ ಮಾತು. ಸ್ವಲ್ಪ ಸವೆದಿತ್ತು, ಸ್ವಲ್ಪ ನಿಧಾನವಾಗಿತ್ತು. ಆದರೂ ಅದು ಅದೇ ದನಿ. ದರ್ಜಿ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡರು. ತಾರೀಖಕ್ಕನ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲೂ ಹೋಗಲಿಲ್ಲ.

"ಹಲೋ? ಯಾರು ಮಾತಾಡ್ತಿರೋದು?"

"ಸಾರ್… ಚೆನ್ನಾಗಿದೀರಾ?" ಎಂದರು ತಾರೀಖಕ್ಕ.

"ಚೆನ್ನಾಗೇ ಇದೀನಿ. ಬೆನ್ನು ಸ್ವಲ್ಪ ಹಿಡಿದಿದೆ. ಯಾರಮ್ಮಾ ನೀವು?"

ಹೇಗೆ ಹೇಳುವುದು? ತಾರೀಖಕ್ಕ ಸುತ್ತಿ ಬಳಸಿ ಮಾತಾಡುವವರಲ್ಲ. ತಾನು ಯಾರು, ಏನು ಬರೆದೆ, ಯಾವುದನ್ನು ನೋಡಿ ಬರೆದೆ, ಯಾಕೆ ನೋಡದೆ ಬರೆದೆ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟರು. "ತಪ್ಪಾಯ್ತು ಸಾರ್" ಎಂದು ಮುಗಿಸಿದರು.

ಫೋನು ಕಡಿದುಹೋಯಿತೇನೋ ಎಂದು ನಾನು ಬಗ್ಗಿ ನೋಡಿದೆ.

"ಎಂದು ತೀರಿಕೊಂಡೆ ಅಂತ ಹಾಕಿದ್ರಿ?" ಎಂದು ಕೇಳಿತು ದನಿ.

"ನಾನು ಏಪ್ರಿಲ್ ಮೂರು ಅಂತ. ಇನ್ನೊಬ್ಬರು ಮಾರ್ಚ್ ನಾಲ್ಕು ಅಂತಾರೆ."

"ಎರಡು ಸಲವಾ? ಒಳ್ಳೇದಾಯ್ತು, ಒಂದು ತಪ್ಪಿದ್ರೆ ಇನ್ನೊಂದಿರುತ್ತೆ." ಆಮೇಲೆ ಅವರು ನಕ್ಕರು. ರೇಡಿಯೋದಲ್ಲಿ ಅವರು ನಕ್ಕಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಕೆಮ್ಮು ಬರುವವರೆಗೆ ನಕ್ಕರು. ನಗು ಇಳಿದ ಮೇಲೆ ಬೇರೆಯೇ ದನಿಯಲ್ಲಿ, "ಅದಕ್ಕೇ ಇರಬೇಕು" ಎಂದರು. "ಪ್ರತಿ ವರ್ಷ ಹುಟ್ಟಿದ ದಿನಕ್ಕೆ ಕೇಳುಗರು ಮೂವತ್ತು ನಲವತ್ತು ಕಾಗದ ಬರೀತಿದ್ರು. ಈ ಸಲ ಒಂದೂ ಬರಲಿಲ್ಲ. ಮರೆತುಬಿಟ್ರು ಅಂದ್ಕೊಂಡಿದ್ದೆ. ಮರೆತಿಲ್ಲ ಅನ್ನಿ. ಸತ್ತೋನಿಗೆ ಯಾರು ಕಾಗದ ಬರೀತಾರೆ?"

ತಾರೀಖಕ್ಕ ಮೂಗು ಸೇದಿದ್ದು ಆ ಕಡೆಗೂ ಕೇಳಿಸಿತು.

"ಅಳಬೇಡೀಮ್ಮ. ನಂಗೆ ನಿಜವಾಗ್ಲೂ ಮನಸ್ಸು ಹಗುರಾಯ್ತು. ಅದಿರಲಿ, ಏನು ಬರೆದಿದೀರಿ, ಓದಿ ನೋಡೋಣ."

ಗ್ರಂಥಾಲಯಕ್ಕೆಂದು ಆ ಪುಟವನ್ನು ಬರೆದುಕೊಂಡು ತಂದಿದ್ದ ಚೀಟಿಯನ್ನು ತಾರೀಖಕ್ಕ ಚೀಲದಿಂದ ತೆಗೆದು ಓದಿದರು. "ಮೂರು ದಶಕಗಳ ಕಾಲ ಬೆಳಗಿನ ಸುದ್ದಿಯ ದನಿಯಾಗಿ ಮನೆಮಾತಾಗಿದ್ದ ಇವರು ದೀರ್ಘಕಾಲ—"

"ನಿಧಾನ, ನಿಧಾನ. 'ಇವರು' ಆದ್ಮೇಲೆ ಒಂದು ಉಸಿರು ತಗೊಳ್ಳಿ. ಸಾವಿನ ಸುದ್ದೀನ ಓಡಿಸಬಾರದು."

ಅವರು ಮತ್ತೆ ಓದಿದರು, ಉಸಿರು ತೆಗೆದುಕೊಂಡು. "ಈಗ ಸರಿ" ಎಂದಿತು ದನಿ. ನನಗೆ ನಗು ತಡೆಯಲಾಗಲಿಲ್ಲ. ತಾರೀಖಕ್ಕನೂ ಅಳುತ್ತಲೇ ನಕ್ಕರು. ಅಷ್ಟರಲ್ಲಿ ದರ್ಜಿ ಫೋನಿನ ಕಡೆ ಬಗ್ಗಿ, "ನಾನು ಮಾತಾಡ್ತಿದೀನಿ, ದರ್ಜಿ. ಸಾರ್, ನಿಮ್ಮ ಸಂತಾಪ ಸಭೇಲಿ ನಾನು ಇಪ್ಪತ್ತು ನಿಮಿಷ ಮಾತಾಡಿದೆ" ಎಂದು ಬಿಕ್ಕಿದರು.

"ಇಪ್ಪತ್ತು ನಿಮಿಷವಾ? ನನ್ನ ಸುದ್ದಿಯೇ ಹತ್ತು ನಿಮಿಷ ಇರ್ತಿತ್ತಲ್ಲಯ್ಯಾ. ಬಾ ನಾಳೆ ಮನೆಗೆ. ಹಳೇ ಕೋಟು ಸಡಿಲವಾಗಿದೆ, ಹಿಡಿದುಕೊಡು. ಭಾಷಣವನ್ನೂ ಇನ್ನೊಂದು ಸಲ ಮಾಡು, ಕೇಳ್ತೀನಿ."

ನಾವು ಅಂಗಡಿಯಿಂದ ಇಳಿದಾಗ ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ತಾರೀಖಕ್ಕ ಪಾದಚಾರಿ ದಾರಿಯಲ್ಲಿ ನಿಂತು ಎರಡು ಸಲ ದೀರ್ಘವಾಗಿ ಉಸಿರೆಳೆದುಕೊಂಡರು. "ಹೊಟ್ಟೆ ಹಸೀತಿದೆ ಕಣೇ" ಎಂದರು. ಮೂಲೆಯ ಬೇಕರಿಯಲ್ಲಿ ಬನ್ನು ತಿಂದೆವು. ಬಿಸ್ಕತ್ತು ಬೇಡ ಎಂದರು.

ಮನೆಗೆ ಹೋದವರೇ ಮೊದಲು ಮಾಡಿದ ಕೆಲಸ ಅತ್ತೆಗೆ ಹೇಳಿದ್ದು. ಅತ್ತೆ ನಂಬಲಿಲ್ಲ. ಮೂರು ಸಲ ಕೇಳಿದ ಮೇಲೆ ಸೊಸೆಯ ಭುಜಕ್ಕೆ ಒಂದು ಏಟು ಕೊಟ್ಟು, "ಒಂದು ವರ್ಷ ನನ್ನ ಹೊಟ್ಟೆ ಉರಿಸಿದೆಯಲ್ಲೇ, ಪಾಪಿ" ಎಂದರಂತೆ. ಆಮೇಲೆ ಮಂಡಿನೋವು ಮರೆತು ತಾವೇ ಎದ್ದು ಚಹಾ ಮಾಡಿದರಂತೆ.

ಚಹಾ ಕುಡಿದು ತಾರೀಖಕ್ಕ ಮೇಜಿಗೆ ಕೂತರು. ಚರ್ಚೆಯ ಪುಟದಲ್ಲಿ ನಡೆದದ್ದನ್ನೆಲ್ಲ ಬರೆದರು. ಐದು ನಿಮಿಷದಲ್ಲಿ ಗೋಡೆ ಗಡಿಯಾರದ ಉತ್ತರ ಬಂತು: "ಫೋನಿನಲ್ಲಿ ಕೇಳಿದ್ದು ಆಧಾರವಾಗುವುದಿಲ್ಲ ಅಕ್ಕ. ಅವರು ಬದುಕಿದ್ದಾರೆ ಎಂಬುದಕ್ಕೆ ಅಚ್ಚಾದ ಪುರಾವೆ ಎಲ್ಲಿ?"

ತಾರೀಖಕ್ಕ ಅಲ್ಲಾಡಲಿಲ್ಲ. "ಬದುಕಿದ್ದಾರೆ ಎಂಬುದಕ್ಕೆ ಪುರಾವೆ ಬೇಡ ತಮ್ಮಾ, ಸತ್ತಿದ್ದಾರೆ ಎಂಬುದಕ್ಕೆ ಬೇಕು. ಇದ್ದದ್ದು ಒಂದೇ ಪತ್ರಿಕೆ, ಅದರಲ್ಲಿ ಸತ್ತರು ಅಂತಿಲ್ಲ. ೩/೪ ಎನ್ನುವುದು ಸಂಚಿಕೆ. ಗ್ರಂಥಾಲಯದಲ್ಲಿ ತೆಗೆದ ಪುಟದ ಚಿತ್ರ ಹಾಕಿದ್ದೇನೆ, ನೀವೇ ನೋಡಿ."

ಈ ಸಲ ಉತ್ತರ ಬರಲು ಇಪ್ಪತ್ತು ನಿಮಿಷ ಹಿಡಿಯಿತು. "ನೋಡಿದೆ. ನಾವಿಬ್ಬರೂ ಸಂಚಿಕೆಗಾಗಿ ಹೊಡೆದಾಡಿದ್ದೇವೆ. ಮಾರ್ಚ್ ನಾಲ್ಕರಿಂದ ನಾನೇ ತೆಗೆಯುತ್ತೇನೆ. ಏಪ್ರಿಲ್ ನಿಮ್ಮದು."

ಏಪ್ರಿಲ್ ಮೂರರಿಂದ ತಾರೀಖಕ್ಕ ತೆಗೆದರು. ವರ್ಷದ ಪುಟದಿಂದ ತೆಗೆದರು. ಹುಡುಕಿದರೆ ಆ ಹೆಸರು ಇನ್ನೂ ನಾಲ್ಕು ಪಟ್ಟಿಗಳಿಗೆ ಹರಡಿತ್ತು, ಅಲ್ಲೂ ತೆಗೆದರು. ಕೊನೆಗೆ ವ್ಯಕ್ತಿಯ ಪುಟಕ್ಕೆ ಬಂದು ನಿಧನದ ಸಾಲು ತೆಗೆದು, "ವಾರ್ತಾವಾಚಕರಾಗಿದ್ದರು" ಎಂದಿದ್ದುದನ್ನು ಅಳಿಸಿ, "ಆಗಿದ್ದಾರೆ" ಎಂದು ಬರೆದು ಉಳಿಸಿದರು. ಅಷ್ಟು ಸಣ್ಣ ತಿದ್ದುಪಡಿಗೆ ಅಷ್ಟು ದೊಡ್ಡ ನೆಮ್ಮದಿ ತನಗೆಂದೂ ಸಿಕ್ಕಿರಲಿಲ್ಲ ಎಂದು ಸೋಮವಾರ ಚಹಾದ ಹೊತ್ತಿಗೆ ಹೇಳಿದರು. ನೆಮ್ಮದಿ ಪೂರ್ತಿಯಾಗಿರಲಿಲ್ಲ ಅನ್ನುವುದೂ ಅವರ ಮುಖದಲ್ಲೇ ಇತ್ತು.

"ಇವರೊಬ್ಬರು ಸಿಕ್ಕಿದ್ರು ಕಣೇ. ಆರು ವರ್ಷದಲ್ಲಿ ಹೀಗೆ ಇನ್ನೆಷ್ಟು ಜನರನ್ನ ಆಧಾರ ನೋಡದೆ ಮೂರು ಮೂರು ಕಡೆ ಹಾಕಿದೀನೋ."

ಅವರು ತಮ್ಮ ಹಳೆಯ ತಿದ್ದುಪಡಿಗಳ ಪಟ್ಟಿ ತೆಗೆದು ಕೂತರು. ಬರೀ ಬೇರೆ ಪುಟ ನೋಡಿ ನಕಲು ಮಾಡಿದ ಸಾವುಗಳು ನೂರ ಎಪ್ಪತ್ತಮೂರು. ಒಂದೊಂದಕ್ಕೂ ಪತ್ರಿಕೆಯೋ ಪುಸ್ತಕವೋ ಹುಡುಕಬೇಕು, ಕಣ್ಣಾರೆ ನೋಡಬೇಕು. ಗೋಡೆ ಗಡಿಯಾರ ಅರ್ಧ ಪಟ್ಟಿ ತಾವು ನೋಡುವುದಾಗಿ ಮುಂದೆ ಬಂದರು. ಶನಿವಾರಗಳಲ್ಲಿ ನಾನೂ ಗ್ರಂಥಾಲಯಕ್ಕೆ ಹೋಗಿ ಕಟ್ಟು ಬಿಚ್ಚಿಕೊಟ್ಟೆ. ನಾಲ್ಕು ತಿಂಗಳು ಹಿಡಿಯಿತು. ಆರು ತಾರೀಖು ಒಂದು ದಿನ ಹಿಂದುಮುಂದಾಗಿದ್ದವು, ಒಂದರಲ್ಲಿ ಇಸವಿ ತಪ್ಪಿತ್ತು. ಅವನ್ನು ತಿದ್ದಿದರು. ಈ ನಡುವೆ ಅವರ ತೂಕವೂ ಇಳಿದಿತ್ತು. ಮೇಲ್ವಿಚಾರಕರು ಹುಷಾರಾಗಿದ್ದೀರಾ ಎಂದು ಎರಡು ಸಲ ಕೇಳಿದ್ದರು.

ಪಟ್ಟಿಯ ಕೊನೆಯ ಹೆಸರಿಗೆ ಆಧಾರ ಸಿಕ್ಕಿದ ದಿನ, ಅವರ ಗಂಡ ಡಿಪೋದಿಂದ ಬಂದು ಗ್ರೀಸು ಮೆತ್ತಿದ ಕೈ ತೊಳೆಯುತ್ತಿದ್ದರಂತೆ. ತಾರೀಖಕ್ಕ ಅಡುಗೆಮನೆಯಿಂದ ಓಡಿ ಬಂದು, "ರೀ, ಕೇಳಿ, ಮುಗೀತು! ಉಳಿದೋರೆಲ್ಲ ನಿಜವಾಗ್ಲೂ ಸತ್ತಿದಾರೆ! ಒಬ್ಬರೂ ಬದುಕಿಲ್ಲ!" ಎಂದು ಕೂಗಿದರು.

ಗಂಡ ಸೋಪಿನ ಕೈಯನ್ನು ಹಾಗೇ ಹಿಡಿದು ಅವರನ್ನೇ ನೋಡಿದರು. "ಇಷ್ಟು ಜನ ಸತ್ತಿದಾರೆ ಅಂತ ಇಷ್ಟು ಖುಷಿಪಡೋ ಹೆಂಗಸನ್ನ ನಾನು ಇವತ್ತೇ ಕಣೇ ನೋಡಿದ್ದು" ಎಂದರು.

ಮರುದಿನ ಕಟ್ಟೆಯ ಮೇಲೆ ಇದನ್ನು ಹೇಳುವಾಗ ತಾರೀಖಕ್ಕ ನಕ್ಕೂ ನಕ್ಕೂ ಲೋಟದ ಚಹಾವನ್ನೆಲ್ಲ ಚೆಲ್ಲಿಕೊಂಡರು. ಒಳಗೆ ಬೆಲ್ಟು ಶುರುವಾದ ಸದ್ದು ಕೇಳಿಸಿತು. "ಏಳು, ಏಳು" ಎಂದು ನನ್ನ ತೋಳು ಹಿಡಿದೆಬ್ಬಿಸಿ, ಒದ್ದೆಯಾದ ಮೇಲಂಗಿ ಕೊಡವಿಕೊಳ್ಳುತ್ತಾ ಮುಂದೆ ನಡೆದರು.